ಕನ್ಫ್ಯೂಷನ್ನಿಗೆ ಜೋಡಿ ಹುಡುಕಿದ್ದು

ನಮ್ಮ ಸೀಮೆಗೆ ಮಳೆ ತಪ್ಪಬಹುದು, ಗೊಂದಲ ಮಾತ್ರ ಯಾವ ವರ್ಷವೂ ತಪ್ಪಿಲ್ಲ. ಬಿತ್ತುವುದು ಬೇಡ, ಕಳೆ ಕೀಳುವುದು ಬೇಡ, ಮುಂಗಾರಿ ಹಿಂಗಾರಿ ಎನ್ನದೆ ತಾನೇ ಬರುತ್ತದೆ. ಅದರ ದೊಡ್ಡ ರಾಶಿ ಬಂದು ಬೀಳುವುದು ಬೆಟಗೇರಿಯ ನನ್ನ ಮಾಳಿಗೆ ಕೋಣೆಯಲ್ಲಿ.

ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತಳಾದ ಮೇಲೆ ಸುಮ್ಮನೆ ಕೂತರೆ ಮನೆಯವರ ಜೊತೆ ಜಗಳ ಹೆಚ್ಚಾದೀತೆಂದು, ಶನಿವಾರ ರವಿವಾರ ಸಂಜೆ ದೊಡ್ಡವರಿಗೆ ಇಂಗ್ಲಿಷ್ ಮಾತಾಡಲು ಕಲಿಸುವ ಕ್ಲಾಸು ಇಟ್ಟುಕೊಂಡೆ. ಟೀಚರಮ್ಮನಿಗೆ ನಮ್ಮ ಕಡೆ ಬಾಯಾರು ಅನ್ನುತ್ತಾರೆ, ಹೀಗಾಗಿ ಇಲ್ಲಿಯೂ ನಾನು ಬಾಯಾರೇ. ಕೋಣೆಯ ಕೆಳಗೆ ಮಿರ್ಚಿ ಭಜಿಯ ಗಾಡಿ ನಿಲ್ಲುತ್ತದೆ. ಹಿಂದಿನ ಓಣಿಯಲ್ಲಿ ಉಳಿದಿರುವ ಒಂದೆರಡು ಮಗ್ಗಗಳ ಸದ್ದು ಸಂಜೆಯವರೆಗೂ ಕೇಳುತ್ತದೆ. ಕಿಟಕಿಯಿಂದ ನೋಡಿದರೆ ದೂರದ ಗುಡ್ಡದ ಸಾಲಿನ ಮೇಲೆ ಗಾಳಿಯಂತ್ರಗಳು ಯಾವ ಅವಸರವೂ ಇಲ್ಲದೆ ತಿರುಗುತ್ತಿರುತ್ತವೆ. ಪಾಠ ಮಾಡುತ್ತಲೇ ಆ ಕಡೆ ನೋಡುವುದು ನನ್ನ ಚಟ. ಹಾಗೆ ನೋಡುತ್ತ ನಿಂತೆನೆಂದರೆ ಎಲ್ಲಿದ್ದೇನೆ, ಏನು ಹೇಳುತ್ತಿದ್ದೆ ಎಲ್ಲ ಮರೆತುಹೋಗುತ್ತದೆ. ನಮ್ಮ ಮನೆಯವರು ಇದಕ್ಕೆ "ಊರಿಗೆ ಹೋಗ್ಯಾಳ" ಅನ್ನುತ್ತಾರೆ. ಯಾವ ಊರು ಎಂದು ಅವರು ಕೇಳಿಲ್ಲ, ನನಗೂ ಗೊತ್ತಿಲ್ಲ.

ಈ ಸಲ ಕ್ಲಾಸಿಗೆ ಬಂದವರು ಮೂವರೇ. ಒಬ್ಬರು ಗದಗ–ಮುಂಡರಗಿ ಬಸ್ಸಿನ ಕಂಡಕ್ಟರು. ಇನ್ನೊಬ್ಬಾಕೆ ಬಸ್ ಸ್ಟ್ಯಾಂಡಿನ ಹಿಂದೆ ರೊಟ್ಟಿ ಖಾನಾವಳಿ ನಡೆಸುವ ಅಕ್ಕ. ಗಾಳಿಯಂತ್ರ ನೋಡಿಕೊಳ್ಳಲು ಬಂದ ಹೊರಗಿನ ಎಂಜಿನಿಯರುಗಳು ಅವಳ ಗಿರಾಕಿಗಳು, ಅವರ ಮಾತು ಅವಳಿಗೆ ತಿಳಿಯಬೇಕಾಗಿತ್ತು. ಮೂರನೆಯವರು ಲಕ್ಷ್ಮೇಶ್ವರದಲ್ಲಿ ಅತ್ತರ್ ಅಂಗಡಿ ಇಟ್ಟುಕೊಂಡ ಸಾಹೇಬರು. ಅವರು ಮೆಟ್ಟಿಲು ಹತ್ತುವ ಮೊದಲೇ ಅವರ ಪರಿಮಳ ಹತ್ತಿ ಬರುತ್ತಿತ್ತು, ಭಜಿಯ ವಾಸನೆ ಅದಕ್ಕೆ ದಾರಿ ಬಿಡುತ್ತಿತ್ತು.

ಸಾಹೇಬರ ಕಾರಣ ಮಾತ್ರ ಗಂಭೀರವಾದದ್ದು. ಮುಂಡರಗಿಯಲ್ಲಿ ಒಂದು ಹೆಣ್ಣು ನೋಡಿ ಬಂದಿದ್ದರು. ಹುಡುಗಿ ಇಂಗ್ಲಿಷ್ ಶಾಲೆಯಲ್ಲಿ ಟೀಚರು. ನೋಡಿದ ಕ್ಷಣದಿಂದ ಇವರಿಗೆ ಅಂಗಡಿಯಲ್ಲಿ ಯಾವ ಬಾಟಲಿ ಎಲ್ಲಿದೆ ಎನ್ನುವುದೇ ತಪ್ಪಿಹೋಗಿತ್ತು. ಆದರೆ ಜೊತೆಗೆ ಹೋದ ಚಾಚಾ ಸುಮ್ಮನಿರದೆ, "ನಮ್ಮ ಹುಡುಗ ಇಂಗ್ಲಿಷ್ ನೀರು ಕುಡದಂಗ ಮಾತಾಡ್ತಾನ" ಎಂದು ಹೇಳಿಬಿಟ್ಟಿದ್ದ. ಹುಡುಗಿಗೆ ಅದು ಅನುಕೂಲವೇ ಆಯಿತು. ಅವಳ ತಾಯಿ, ಚಿಕ್ಕಮ್ಮಂದಿರು ಎಲ್ಲರೂ ಅವಳ ಫೋನು ತೆಗೆದು ಓದುವವರು. ಕನ್ನಡ, ಉರ್ದು ಎರಡೂ ಬಲ್ಲವರು. ಗುಟ್ಟಾಗಿ ಮಾತಾಡಬೇಕೆಂದರೆ ಉಳಿದದ್ದು ಇಂಗ್ಲಿಷ್ ಒಂದೇ. "ಒಂದಷ್ಟು ದಿನ ಮೆಸೇಜ್ ಮಾಡೋಣು, ಆಮ್ಯಾಲೆ ಹೇಳ್ತೀನಿ" ಎಂದಿದ್ದಳಂತೆ.

"ಬಾಯಾರ, ನನಗ ಇಂಗ್ಲಿಷ್ ಬರಬೇಕಂತಿಲ್ರಿ," ಎಂದು ಸಾಹೇಬರು ಮೊದಲ ದಿನವೇ ಹೇಳಿದರು. "ಬರೂದಿಲ್ಲ ಅಂತ ಆಕಿಗೆ ಗೊತ್ತಾಗಬಾರದು, ಅಷ್ಟ ಸಾಕ್ರಿ."

೧. ಜಾತಕ ಕೂಡದವರು

ಮೂವರೂ ಬಾಯಿ ತೆರೆದರೆ ಬರುತ್ತಿದ್ದ ಮೊದಲ ಮಾತು, "ಕನ್ಫ್ಯೂಸ್ ಆಗೇತ್ರಿ." ಹಾಗಾದರೆ ಅಲ್ಲಿಂದಲೇ ಶುರು ಮಾಡೋಣ ಎಂದೆ. ಇಂಗ್ಲಿಷಿನಲ್ಲಿ ಶಬ್ದಗಳಿಗೂ ಲಗ್ನವಾಗಿರುತ್ತದೆ, ಯಾವುದರ ಪಕ್ಕ ಯಾವುದು ಕೂರಬೇಕೋ ಅದೇ ಕೂರಬೇಕು, ಕನ್ಫ್ಯೂಷನ್ ಎನ್ನುವ ಶಬ್ದಕ್ಕೆ ಯಾರು ಯಾರು ಜೋಡಿ ಎಂದು ನೋಡೋಣ ಎಂದು ಬೋರ್ಡಿನ ಮೇಲೆ ಬರೆದೆ.

ಕಂಡಕ್ಟರು ತಕ್ಷಣ "ಮೇಕ್ ಕನ್ಫ್ಯೂಷನ್" ಎಂದರು. ಅದು ಆಗುವುದಿಲ್ಲ, ಅವರಿಬ್ಬರ ಜಾತಕ ಕೂಡುವುದಿಲ್ಲ, ಗೊಂದಲ ಉಂಟುಮಾಡು ಎನ್ನಲು "ಕಾಸ್ ಕನ್ಫ್ಯೂಷನ್" ಅನ್ನಬೇಕು ಎಂದೆ. ಕಂಡಕ್ಟರಿಗೆ ಸಮಾಧಾನವಾಗಲಿಲ್ಲ. ಮೇಕ್ ಒಳ್ಳೆಯವನೇ, ಚಹಾನೂ ಮಾಡುತ್ತಾನೆ, ಗದ್ದಲವನ್ನೂ ಮಾಡುತ್ತಾನೆ, ಇಲ್ಲಿ ಮಾತ್ರ ಯಾಕೆ ಬೇಡವಾದ ಎಂದು ಅವನ ಪರವಾಗಿ ಬಹಳ ಹೊತ್ತು ವಾದ ಮಾಡಿದರು.

ಸಾಹೇಬರು ಬೇರೆ ಯೋಚನೆಯಲ್ಲಿದ್ದರು. ಕಾಸ್ ಎಂದು ನಾನು ಅಂದದ್ದು ಅವರ ಕಿವಿಗೆ ಖಾಸ್ ಎಂದು ಕೇಳಿತ್ತು. ಅವರ ಅಂಗಡಿಯಲ್ಲಿ ಅತ್ತರ್ ಎರಡೇ ಬಗೆ. ದಿನಾ ಹಚ್ಚುವುದು ಆಮ್, ಲಗ್ನಕ್ಕೆ ಹಬ್ಬಕ್ಕೆ ಹಚ್ಚುವುದು ಖಾಸ್.

"ಇದು ಖಾಸ್ ಕನ್ಫ್ಯೂಷನ್ ಆದ್ರ, ಆಮ್ ಕನ್ಫ್ಯೂಷನ್ ಯಾವುದ್ರಿ?" ಎಂದು ಕೇಳಿದರು.

ಅದಲ್ಲ ಸಾಹೇಬರೇ ಎಂದು ತಿಳಿಸಿ ಹೇಳಿದೆ. ಕೊನೆಗೆ ಸುಲಭದ್ದೊಂದು ಹೇಳಿಕೊಡೋಣ, ನಿಮಗೆ ಏನೂ ತಿಳಿಯದಿದ್ದಾಗ ಹೀಗನ್ನಿರಿ ಎಂದು "ಐ ಆಮ್ ಕನ್ಫ್ಯೂಸ್ಡ್" ಎಂದು ಬರೆದು ಓದಿದೆ. ಸಾಹೇಬರ ಮುಖ ಬೆಳಗಿತು.

"ಹಾಂ, ಸಿಕ್ತು ನೋಡ್ರಿ. ಆಮ್."

೨. ಡೈರೆಕ್ಟ್ ಬಸ್ ಇಲ್ಲದ್ದು

ಮರುದಿನ "ಸ್ಟೇಟ್ ಆಫ್ ಕನ್ಫ್ಯೂಷನ್" ಹೇಳಿಕೊಟ್ಟೆ. ಕಂಡಕ್ಟರು ಅದನ್ನು ಹಸ್ತದ ಮೇಲೆ ಬರೆದುಕೊಂಡು ಬಹಳ ಹೊತ್ತು ನೋಡಿದರು. ಮೂವತ್ತರ ಹತ್ತಿರ ಸ್ಟೇಟುಗಳಿವೆ ಎಂದು ಮಗಳು ಪಾಠ ಓದುವಾಗ ಕೇಳಿದ್ದೇನೆ, ಇದೊಂದರ ಹೆಸರು ಬಂದ ನೆನಪಿಲ್ಲ ಎಂದರು. ಆಮೇಲೆ ವೃತ್ತಿಗೆ ತಕ್ಕ ಪ್ರಶ್ನೆ ಕೇಳಿದರು. ಅಲ್ಲಿಗೆ ಗದಗಿನಿಂದ ಡೈರೆಕ್ಟ್ ಬಸ್ ಇದೆಯೋ, ಹುಬ್ಬಳ್ಳಿಯಲ್ಲಿ ಇಳಿದು ಬೇರೆ ಹತ್ತಬೇಕೋ.

ಸ್ಟೇಟ್ ಎಂದರೆ ಇಲ್ಲಿ ರಾಜ್ಯವಲ್ಲ, ಸ್ಥಿತಿ ಎಂದು ನಾನು ಹೇಳುವಷ್ಟರಲ್ಲಿ ಖಾನಾವಳಿ ಅಕ್ಕ ಉತ್ತರ ಕೊಟ್ಟಾಗಿತ್ತು.

"ಅಲ್ಲಿಗೆ ಬ್ಯಾರೆ ಬಸ್ ಯಾಕ್ರಿ ಅಣ್ಣಾರ? ನಿಮ್ಮ ಬಸ್ಸಿನಾಗ ಕುಂತ್ರ ಅದ ಬರತೈತಿ."

೩. ಶಿರಹಟ್ಟಿಯ ಮೇಲಿಂದ

ಇದನ್ನು ಕಂಡಕ್ಟರೇ ಹೇಳಿದ್ದು, ತಾವು ಗೆದ್ದು ಬಂದ ಕಥೆ ಎಂದುಕೊಂಡು.

ಒಂದು ದಿನ ಅವರಿಗೆ ಬದಲಿ ಡ್ಯೂಟಿಯಾಗಿ ಲಕ್ಷ್ಮೇಶ್ವರದ ಬಸ್ಸು ಬಂತು. ಶಿರಹಟ್ಟಿಯ ಹಾದಿ ಹಿಡಿದು ಹೋಗುವ ಬಸ್ಸು. ನಮ್ಮಲ್ಲಿ ಅದಕ್ಕೆ "ಶಿರಹಟ್ಟಿ ಮ್ಯಾಲೆ ಹೋಗತೈತಿ" ಅನ್ನುತ್ತೇವೆ. ಬಾಗಿಲಲ್ಲಿ ಹೊರಗಿನ ಎಂಜಿನಿಯರೊಬ್ಬ ನಿಂತು ಇದು ಲಕ್ಷ್ಮೇಶ್ವರಕ್ಕೆ ಹೋಗುತ್ತದೆಯೇ ಎಂದು ಇಂಗ್ಲಿಷಿನಲ್ಲಿ ಕೇಳಿದ. ಕಂಡಕ್ಟರು ನನ್ನನ್ನು ನೆನೆದು ಧೈರ್ಯ ತಂದುಕೊಂಡರು.

"ಎಸ್ ಸರ್. ಗೋಯಿಂಗ್ ಆನ್ ದ ಟಾಪ್ ಆಫ್ ಶಿರಹಟ್ಟಿ."

ಪಾಪ, ಆ ಮನುಷ್ಯ ಮೆಟ್ಟಿಲಿನ ಮೇಲಿಟ್ಟ ಕಾಲನ್ನು ಕೆಳಗಿಳಿಸಿದ. ಬಸ್ಸಿನ ಟಾಪ್ ನೋಡಿದ, ಅಲ್ಲಿ ಉಳ್ಳಾಗಡ್ಡಿ ಚೀಲ ಏರಿಸುತ್ತಿದ್ದರು. ತಾನೂ ಅಲ್ಲಿಯೇ ಏರಬೇಕೇನೋ ಎಂದುಕೊಂಡನೋ ಏನೋ, ನಿಧಾನವಾಗಿ "ಈಸ್ ದೇರ್ ಎನಿ ಕನ್ಫ್ಯೂಷನ್?" ಎಂದು ಕೇಳಿದ.

"ಕನ್ಫ್ಯೂಷನ್ ಅನ್ನೋದು ಕಿವೀಗೆ ಬಿತ್ತು ನೋಡ್ರಿ ಬಾಯಾರ, ನನಗ ಆನಂದ ಆತು. ನಮ್ಮ ಪಾಠದ್ದ ಬಂತಲ್ಲ ಅಂತ."

ಏನು ಉತ್ತರ ಕೊಟ್ಟಿರಿ ಎಂದೆ. ಒಳಗೆ ಒಂದು ಸಲ ಇಣುಕಿ ನೋಡಿ, ದಿನಾ ಹೇಳುವುದನ್ನೇ ಹೇಳಿದರಂತೆ.

"ಕನ್ಫ್ಯೂಷನ್ ಫುಲ್ ಸರ್. ಓನ್ಲಿ ಸ್ಟ್ಯಾಂಡಿಂಗ್."

೪. ಆ್ಯಡ್ ಟು

ಖಾನಾವಳಿ ಅಕ್ಕನ ಕೈಗೆ ರೊಟ್ಟಿ ಸಿಕ್ಕರೆ ಎದುರಿಗೆ ಕೂತವನ ಮೇಲೆ ಅವಳಿಗೆ ಕರುಣೆ ಹುಟ್ಟುತ್ತದೆ. ಬೇಡ ಎನ್ನುವುದು ನಾಚಿಕೆಯ ಮಾತು, ನಿಜವಾದ ಮಾತಲ್ಲ ಎಂದು ಅವಳ ಸಿದ್ಧಾಂತ. ಊರಿನವರು ಇದನ್ನು ಬಲ್ಲವರಾದ್ದರಿಂದ ತಾಟಿನ ಮೇಲೆ ಎರಡೂ ಕೈ ಹರಡಿ ಊಟ ಮುಗಿಸುತ್ತಾರೆ.

ಹೊಸದಾಗಿ ಬಂದ ಎಂಜಿನಿಯರಿಗೆ ಇದು ಗೊತ್ತಿರಲಿಲ್ಲ. ಅವನು ಹೇಳಿದ್ದು ಅನ್ನ, ಇವಳು ತಂದದ್ದು ರೊಟ್ಟಿ. ಅಕ್ಕನ ಅತ್ತೆ ಬಂದು ಎಣಗಾಯಿ ಪಲ್ಯ ಬಡಿಸಿದಳು. ಅವನು ಕೈ ಅಲ್ಲಾಡಿಸಿದ. ಸಾಲದೆಂದು ಕಾಣುತ್ತದೆ ಎಂದು ಕಡಲೆಹಿಟ್ಟಿನ ಝುಣಕ ಬಂತು. ಅವನು ಹಿಂದಿಯಲ್ಲಿ ಏನೋ ಹೇಳಿದ, ಅತ್ತೆ ಮೊಸರು ಹಾಕಿದಳು. ಅಷ್ಟರಲ್ಲಿ ಇವಳೂ ಬಂದು ನಿಂತಳು. ಆಗ ಅವನು ಕೈ ಮುಗಿದು, ಬಿಡಿಸಿ ಬಿಡಿಸಿ ಹೇಳಿದನಂತೆ, "ಮೇಡಂ, ಪ್ಲೀಸ್ ಡೋಂಟ್ ಆ್ಯಡ್ ಟು ದ ಕನ್ಫ್ಯೂಷನ್."

ಅಕ್ಕ ಇದನ್ನು ನನಗೆ ಒಪ್ಪಿಸುವಾಗ ಹೆಮ್ಮೆಯಿಂದ ಬೀಗುತ್ತಿದ್ದಳು. ಮೊದಲ ಸಲ ಒಂದು ಪೂರ್ತಿ ವಾಕ್ಯ ಅವಳಿಗೆ ತಿಳಿದಿತ್ತು.

"ಪ್ಲೀಸ್ ಅಂದ, ಅಂದ್ರ ದಯಮಾಡಿ. ಆ್ಯಡ್ ಅಂದ್ರ ಹಾಕು. ಟು ಅಂದ್ರ ಎರಡು. ಎರಡು ರೊಟ್ಟಿ ಹಾಕಿ ಬಂದೆ ನೋಡ್ರಿ."

ಡೋಂಟ್ ಅಂದನಲ್ಲ, ಅದೇನು ಮಾಡಿದೆ ಎಂದೆ.

"ಅದು ನಾಚಿಕಿಗೆ ಅಂದಿದ್ದು ಬಿಡ್ರಿ."

೫. ಮುಖದ ಮೇಲೆ ಬಂದದ್ದು

ಈ ನಡುವೆ ಸಾಹೇಬರ ಸಂಸಾರ ಗುಡ್ ಮಾರ್ನಿಂಗ್, ಗುಡ್ ನೈಟ್ ದಾಟಿ ಮುಂದೆ ಹೋಗಿತ್ತು. ಮುಂಡರಗಿಯಿಂದ ಬಂದ ಪ್ರತಿ ಮೆಸೇಜನ್ನೂ ಅವರು ಹರಿವಾಣದಲ್ಲಿಟ್ಟ ಪ್ರಸಾದದಂತೆ ಎರಡೂ ಕೈಯಲ್ಲಿ ಹಿಡಿದು ತರುತ್ತಿದ್ದರು. ಅದರ ಅರ್ಥ ನಾನು ಹೇಳಬೇಕು, ಉತ್ತರ ಅವರು ಕನ್ನಡದಲ್ಲಿ ಹೇಳುತ್ತಾರೆ, ನಾನು ಇಂಗ್ಲಿಷ್ ಮಾಡಬೇಕು. ಒಮ್ಮೆ ಅವಳು, ನಿಮಗೆ ಗೊಂದಲವಾದಾಗ ಏನು ಮಾಡುತ್ತೀರಿ ಎಂದು ಕೇಳಿದಳು. "ಶನಿವಾರದ ತನಕ ಕಾಯ್ತೀನಿ ಅಂತ ಬರೀರಿ" ಎಂದರು. ಬರೆದರೆ ಗುಟ್ಟು ರಟ್ಟಾಗುತ್ತದೆಂದು ನಾನು ಒಪ್ಪಲಿಲ್ಲ. ಕಣ್ಣು ಮುಚ್ಚಿ ಒಂದು ಒಳ್ಳೆಯ ಅತ್ತರ್ ಮೂಸುತ್ತೇನೆ ಎಂದು ಆಮೇಲೆ ಅವರೇ ಹೇಳಿದರು. ಅದು ನಿಜವೂ ಹೌದು, ಚೆಂದವೂ ಹೌದು. ಅದನ್ನೇ ಕಳಿಸಿದೆವು.

ಆ ಸಂಜೆ "ಎ ಲುಕ್ ಆಫ್ ಕನ್ಫ್ಯೂಷನ್" ಎಂದು ಬರೆದು, ಮುಖದ ಮೇಲೆ ಗೊಂದಲದ ಕಳೆ ಬರುವುದಕ್ಕೆ ಹೀಗೆನ್ನುತ್ತಾರೆ ಎಂದೆ. ಹಾಗೆಂದರೆ ಹೇಗಿರುತ್ತದೆ, ಮಾಡಿ ತೋರಿಸಿರಿ ಎಂದು ಅಕ್ಕ ಕೇಳಿದಳು. ಅಷ್ಟರಲ್ಲಿ ಸಾಹೇಬರು ಜೇಬಿನಿಂದ ಹೊಸದಾಗಿ ಬಂದ ಒಂದು ಸಣ್ಣ ಬಾಟಲಿ ತೆಗೆದು, ಇದು ಮಣ್ಣಿನ ಅತ್ತರ್ ಬಾಯಾರ, ನೋಡ್ರಿ ಎಂದು ನನ್ನ ಮುಂಗೈಗೆ ಒಂದು ಹನಿ ಹಚ್ಚಿದರು.

ಅದರಲ್ಲಿ ಇದ್ದದ್ದು ಮೊದಲ ಮಳೆಯ ವಾಸನೆ. ಕಾದ ಎರೆಹೊಲಕ್ಕೆ ಹನಿ ಬಿದ್ದಾಗ ಬರುವುದು, ಅದೇ. ಹೊರಗೆ ಬಿಸಿಲು ಹಳದಿಯಾಗುತ್ತಿತ್ತು. ಮಗ್ಗದ ಸದ್ದು ನಿಂತಿತ್ತು. ದೂರದಲ್ಲಿ ಗಾಳಿಯಂತ್ರದ ಒಂದು ರೆಕ್ಕೆ ಇಳಿಯಿತು, ಇನ್ನೊಂದು ಏರಿತು. ನನ್ನ ಅಜ್ಜಿ ಅಂಗಳದಲ್ಲಿ ಹರವಿದ ಕಡಲೆಯನ್ನು ಅವಸರದಿಂದ ಎಳೆದುಕೊಳ್ಳುತ್ತ ನನ್ನ ಹೆಸರು ಹಿಡಿದು ಕೂಗುತ್ತಿದ್ದಳು. ಹನಿ ನನ್ನ ರೆಪ್ಪೆಯ ಮೇಲೆ ಬಿತ್ತು. ಓಡಬೇಕೋ, ಸುಮ್ಮನೆ ನಿಂತು ನೆನೆಯಬೇಕೋ ತಿಳಿಯದೆ ನಿಂತಿದ್ದೆ. ಎಷ್ಟು ಹೊತ್ತು ಹಾಗೆ ಇದ್ದೆನೋ.

ಎಚ್ಚರವಾಗಿ ತಿರುಗಿ ನೋಡಿದರೆ ಮೂವರು ದೊಡ್ಡವರು ಬೆಂಚಿನ ಮೇಲೆ ಕೂತು ನನ್ನನ್ನು ನೋಡುತ್ತಿದ್ದರು. ಇವರು ಯಾರು, ಇಲ್ಲಿ ಯಾಕೆ ಕೂತಿದ್ದಾರೆ ಎಂದು ಒಂದು ಗಳಿಗೆ ನಿಜವಾಗಿಯೂ ನನಗೆ ತಿಳಿಯಲಿಲ್ಲ.

ಮೂವರೂ ಚಪ್ಪಾಳೆ ತಟ್ಟಿದರು.

"ತಿಳೀತ್ರಿ ಬಾಯಾರ," ಎಂದಳು ಅಕ್ಕ. "ಇಷ್ಟು ಖರೇ ಖರೇ ಮಾಡಿ ತೋರಿಸಿದ್ರ ಯಾರಿಗೆ ತಿಳಿಯೂದಿಲ್ಲ."

೬. ಯು, ಎರಡು ಟಿ

ಇಲ್ಲಿಯವರೆಗೆ ನಕ್ಕದ್ದಾಯಿತು. ಇನ್ನು ಹೇಳುವುದರಲ್ಲಿ ಸಾಹೇಬರ ಬಾಳು ಇತ್ತು, ನಗು ಆಮೇಲೆ ಬಂದದ್ದು.

ಒಂದು ವಾರ ನಾನು ಹಮ್ಮಿಗಿಯ ತಂಗಿಯ ಮನೆಗೆ ಹೋಗಿದ್ದೆ. ಹೊಳೆಯ ದಂಡೆಯಲ್ಲಿ ಕೂತು ನೀರು ನೋಡುತ್ತ, ಫೋನನ್ನು ಅವಳ ಮನೆಯ ಗೋಡೆಗೂಡಿನಲ್ಲಿ ಮರೆತು, ಪೂರ್ತಿಯಾಗಿ "ಊರಿಗೆ" ಹೋಗಿದ್ದೆ. ಕೋಣೆಯ ಕೀಲಿ ಭಜಿಯವನ ಹತ್ತಿರ ಇತ್ತು. ಶನಿವಾರ ಮೂವರೂ ತಪ್ಪದೆ ಬಂದು, ನಾನಿಲ್ಲದೆಯೇ ಕ್ಲಾಸು ನಡೆಸಿದ್ದರು.

ಅದೇ ದಿನ ಮುಂಡರಗಿಯಿಂದ ಮೆಸೇಜು ಬಂದಿತ್ತು. "ಐ ಆಮ್ ಇನ್ ಅಟರ್ ಕನ್ಫ್ಯೂಷನ್. ಪ್ಲೀಸ್ ಹೆಲ್ಪ್ ಮಿ ಡಿಸೈಡ್."

ನಾನು ಇದ್ದಿದ್ದರೆ ಹೇಳುತ್ತಿದ್ದೆ. ಅಟರ್ ಎಂದರೆ ಪೂರ್ತಿ, ಅಪ್ಪಟ. ನನಗೆ ಏನೂ ತೋಚದಂತಾಗಿದೆ, ನಿರ್ಧಾರ ಮಾಡಲು ಸಹಾಯ ಮಾಡಿರಿ ಎಂದು ಹುಡುಗಿ ಕೇಳುತ್ತಿದ್ದಾಳೆ. ಸಾಹೇಬರು ಕಾಯುತ್ತಿದ್ದ ಹೂಂ ಅಥವಾ ಊಹೂಂ ಈ ಒಂದು ಮೆಸೇಜಿನ ಉತ್ತರದ ಮೇಲೆ ನಿಂತಿತ್ತು.

ಮೂವರೂ ಆ ಶಬ್ದವನ್ನು ಸುತ್ತುವರಿದು ಕೂತರು. ಕನ್ಫ್ಯೂಷನ್ ಗೊತ್ತು, ಅದರ ಹಿಂದೆ ಕೂತ ಈ ಹೊಸ ಜೋಡಿ ಯಾರು. ಯು, ಎರಡು ಟಿ, ಇ, ಆರ್. ಕಂಡಕ್ಟರು ಅಕ್ಷರ ಕೂಡಿಸಿ "ಉತ್ತರ" ಎಂದು ಓದಿದರು. ಉತ್ತರ ಎಂದರೆ ಜವಾಬು, ಜವಾಬು ಕೊಡುವುದರಲ್ಲಿ ಆಕೆಗೆ ಕನ್ಫ್ಯೂಷನ್ ಇದೆ ಎಂದು ಅರ್ಥ ಬಿಡಿಸಿದರು. ಈಗ ನೆನೆದರೆ ಆಶ್ಚರ್ಯವಾಗುತ್ತದೆ, ತಪ್ಪು ದಾರಿಯಲ್ಲಿ ಬಸ್ಸು ಬಿಟ್ಟು ಸರಿಯಾದ ಊರಿಗೇ ಮುಟ್ಟಿದ್ದರು. ಅಕ್ಕ ಒಪ್ಪಲಿಲ್ಲ. ಉತ್ತರ ಎಂದರೆ ದಿಕ್ಕು, ಗಂಡನ ಮನೆ ಯಾವ ದಿಕ್ಕಿಗೆ ಬರುತ್ತದೆ ಎಂದು ಯಾರೋ ಹಿರಿಯರು ತಕರಾರು ತೆಗೆದಿರಬೇಕು ಎಂದಳು. ಮುಂಡರಗಿಗೆ ಲಕ್ಷ್ಮೇಶ್ವರ ಪಡುವಣಕ್ಕೆ ಬರುತ್ತದಲ್ಲ ಎಂದು ಕಂಡಕ್ಟರು ಆ ಮಾತನ್ನು ಅಲ್ಲಿಗೇ ಇಳಿಸಿದರು.

ಆಗ ಸಾಹೇಬರು ನಕ್ಕರಂತೆ. ಈ ಐದು ಅಕ್ಷರ ಅವರು ದಿನಾ ಬೆಳಿಗ್ಗೆ ನೋಡುವಂಥವು. ಅಂಗಡಿ ತೆರೆದಾಗ ಬೆಟಗೇರಿಯ ಪೇಂಟರೊಬ್ಬ ಬೋರ್ಡ್ ಬರೆದುಕೊಟ್ಟಿದ್ದ. ಮೇಲೆ ಕನ್ನಡದಲ್ಲಿ ಅತ್ತರ್, ಕೆಳಗೆ ಇಂಗ್ಲಿಷಿನಲ್ಲಿ ಯು, ಎರಡು ಟಿ, ಇ, ಆರ್.

"ಇದು ಅತ್ತರ್ ರೀ. ಯಾವ ಅತ್ತರ್ ಆರಿಸಬೇಕು ತಿಳೀವಲ್ದು, ನೀವ ಹೇಳ್ರಿ ಅಂತ ಕೇಳ್ಯಾರ."

ಇಷ್ಟು ಸಲೀಸಾದ ಮಾತಿಗೆ ನಾವು ದಿಕ್ಕು ದೆಸೆ ಹುಡುಕುತ್ತಿದ್ದೆವಲ್ಲ ಎಂದು ಮೂವರಿಗೂ ಹಗುರಾಯಿತು. ಫೋನಿನಲ್ಲಿ ಅರ್ಥ ನೋಡಬಹುದಿತ್ತಲ್ಲ ಎಂದು ಆಮೇಲೆ ನಾನು ಕೇಳಿದ್ದಕ್ಕೆ, ಗೊತ್ತಿದ್ದ ಶಬ್ದ ಯಾರು ನೋಡತಾರ್ರಿ ಎಂದರು.

ಮರುದಿನವೇ ಒಂದು ಪೆಟ್ಟಿಗೆ ತಯಾರಾಯಿತು. ಗುಲಾಬಿ, ಮಲ್ಲಿಗೆ, ಕೇದಿಗೆ, ಲಾವಂಚ, ಮಣ್ಣು, ಇನ್ನೂ ಏನೇನೋ. ಅಂಗಡಿಯಲ್ಲಿ ಖಾಸ್ ಎನ್ನುವುದೆಲ್ಲ ಅದರೊಳಗೆ ಕೂತಿತು. ಕಂಡಕ್ಟರು ತಮ್ಮ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಒಯ್ದು ಮುಟ್ಟಿಸಿದರು. ಮೇಲೆ ಮೂವರೂ ಕೂಡಿ ರಚಿಸಿದ ಮೆಸೇಜು ಹೋಯಿತು. "ಡೋಂಟ್ ವರಿ. ಸ್ಮೆಲ್ ಒನ್ ಬೈ ಒನ್. ಕನ್ಫ್ಯೂಷನ್ ವಿಲ್ ಕ್ಲಿಯರ್ ಅಪ್."

ಹಮ್ಮಿಗಿಯಿಂದ ಬಂದ ನನಗೆ ಸಾಹೇಬರು ಇದನ್ನು ತೋರಿಸಿದರು, ನಾನು ಎರಡೆರಡು ಸಲ ಓದಿದೆ. ವಾಕ್ಯದಲ್ಲಿ ಒಂದೂ ತಪ್ಪಿಲ್ಲ. ಕನ್ಫ್ಯೂಷನ್ನಿಗೆ ಕ್ಲಿಯರ್ ಅಪ್ ಜೋಡಿ ಮಾಡಿದ್ದರು, ನಾನು ಕಲಿಸಿದ್ದೇ. ಗುರುವಾಗಿ ಕಣ್ಣಿನಲ್ಲಿ ನೀರು ಬಂತು, ಹೆಣ್ಣಾಗಿ ಎದೆ ಒಡೆಯಿತು. ಬಾಳಿನ ಪ್ರಶ್ನೆ ಹಿಡಿದುಕೊಂಡು ನಿಂತ ಹುಡುಗಿಗೆ, ಒಂದೊಂದಾಗಿ ಮೂಸು ಎಂದು ಹೇಳಿ ಕಳಿಸಿದ್ದರು. ಅರ್ಥ ಹೇಳಲೆಂದು ಬಾಯಿ ತೆರೆದೆ. ಅವರ ಮುಖದಲ್ಲಿ ಎಷ್ಟು ಸಂತೋಷವಿತ್ತೆಂದರೆ ಹೇಳಲಾಗಲಿಲ್ಲ. ಅಷ್ಟರಲ್ಲಿ ನನ್ನ ಫ್ಯೂಸು ಹಾರುವಂಥ ಉತ್ತರ ಹುಡುಗಿಯಿಂದ ಬಂತು. "ಪ್ಲೀಸ್ ಕಮ್ ಆನ್ ಸಂಡೇ." ಅಷ್ಟೇ, ಮುಂದೆ ಒಂದಕ್ಷರ ಇಲ್ಲ.

ಜೊತೆಗೆ ಹಿರಿಯ ಹೆಣ್ಣುಮಗಳು ಒಬ್ಬರು ಇರಲಿ ಎಂದು ಸಾಹೇಬರು ನನ್ನನ್ನೂ ಕರೆದರು. ನಾನು ಹೊರಟದ್ದು ಬೇರೆ ಉದ್ದೇಶಕ್ಕೆ. ಹುಡುಗಿಯನ್ನು ಬದಿಗೆ ಕರೆದು, ಇವರು ಒಳ್ಳೆಯವರು, ಇಂಗ್ಲಿಷ್ ಅಷ್ಟೇ ಇಲ್ಲ ಎಂದು ಹೇಳಿ ಕೈ ಮುಗಿಯಬೇಕೆಂದಿದ್ದೆ.

ಬಸ್ಸು ನಮ್ಮ ಕಂಡಕ್ಟರದ್ದೇ. ಪೆಟ್ಟಿಗೆ ಒಯ್ಯುವಾಗ ಒಂದು ಬಾಟಲಿ ತುಸು ಸೋರಿತ್ತೆಂದು ಕಾಣುತ್ತದೆ, ಸೀಟು ಇನ್ನೂ ಮಲ್ಲಿಗೆ ಮಲ್ಲಿಗೆ ಅನ್ನುತ್ತಿತ್ತು. ಡಂಬಳದ ಕೆರೆ ಹಿಂದೆ ಸರಿಯಿತು. ಕಪ್ಪತಗುಡ್ಡ ಬಹಳ ಹೊತ್ತು ನಮ್ಮ ಜೊತೆಗೇ ಬಂತು. ಕುಸುಬೆಯ ಹೊಲಗಳು ಹಳದಿಯಾಗಿ ಹರಡಿದ್ದವು. ಸಾಹೇಬರು ಕಿಟಕಿಗೆ ತಲೆ ಆನಿಸಿ ಮೆಲ್ಲಗೆ ನಗುತ್ತಿದ್ದರು, ಅವರೂ ಯಾವುದೋ ಊರಿಗೆ ಹೋಗಿದ್ದರು. ಈ ದಾರಿ ಮುಗಿಯದೇ ಇದ್ದರೆ ಎಷ್ಟು ಚೆನ್ನ ಎಂದು ನನಗೆ ಅನಿಸಿತು. ಮುಂಡರಗಿ ಬಂದೇ ಬಂತು.

ಹೊರಗಿನ ಕೋಣೆಯಲ್ಲಿ ಚಾಪೆ ಹಾಸಿದ್ದರು. ಒಳಬಾಗಿಲಿನಲ್ಲಿ ಹುಡುಗಿಯ ತಾಯಿ ಕೂತಿದ್ದರು. ಅತ್ತರಿನ ಬಾಟಲಿಗಳೆಲ್ಲ ಕಿಟಕಿಯಲ್ಲಿ ಸಾಲಾಗಿ ನಿಂತು ಬಿಸಿಲು ಕಾಯಿಸುತ್ತಿದ್ದವು. ಹುಡುಗಿ ಬಂದು ಕೂತಳು. ನಾನು ಮಾತು ತೆಗೆಯುವ ಮೊದಲೇ ಅವಳೇ ಶುರುಮಾಡಿದಳು.

"ನಾ ಅಟರ್ ಅಂತ ಬರದ್ರ ಇವರು ಅತ್ತರ್ ಅಂತ ಮಾಡಿ ಕಳಿಸ್ಯಾರ್ರಿ. ನಕ್ಕು ನಕ್ಕು ಸಾಕಾತು. ಇಂಗ್ಲಿಷನ್ನ ಇಷ್ಟು ಚಂದ ಆಟ ಆಡಸೋರ್ನ ನಾ ನೋಡಿಲ್ರಿ."

ನಾನು ತಂದಿದ್ದ ಮಾತುಗಳನ್ನೆಲ್ಲ ನುಂಗಿಕೊಂಡೆ. ಅವಳು ಅದನ್ನು ಜಾಣತನದ ತಮಾಷೆ ಎಂದುಕೊಂಡಿದ್ದಳು. ಗೊಂದಲ ತಾನಾಗಿ ಒಳ್ಳೆಯ ದಾರಿ ಹಿಡಿದಿರುವಾಗ ಅದನ್ನು ಬಿಡಿಸಲು ನಾನು ಯಾರು ಎಂದುಕೊಂಡು ಚಹಾದ ಕಪ್ಪು ಎತ್ತಿದೆ. ಸಾಹೇಬರು ಮಾತ್ರ ನನ್ನ ಕಡೆ ತಿರುಗಿ, ಇಡೀ ಮನೆಗೆ ಕೇಳುವಂತೆ ಕೇಳಿದರು.

"ಹಂಗಾರ ಅದು ಅತ್ತರ್ ಅಲ್ಲೇನ್ರಿ ಬಾಯಾರ?"

ಹುಡುಗಿ ತಲೆ ಎತ್ತಿ ಒಮ್ಮೆ ನನ್ನನ್ನು, ಒಮ್ಮೆ ಅವರನ್ನು ನೋಡಿದಳು. ಸಾಹೇಬರಿಗೆ ಆಗ ಎಲ್ಲ ಹೊಳೆದಿರಬೇಕು. ತಲೆ ತಗ್ಗಿಸಿ ಒಂದೊಂದೇ ಹೇಳಿಬಿಟ್ಟರು. ಇಂಗ್ಲಿಷ್ ಬರುವುದಿಲ್ಲ, ಚಾಚಾ ಸುಳ್ಳು ಹೇಳಿದ, ಮೆಸೇಜೆಲ್ಲ ಬಾಯಾರ ಬರೆದದ್ದು, ಪೆಟ್ಟಿಗೆ ಮಾತ್ರ ನಂದು. ಆಮೇಲೆ ಆ ಶಬ್ದದ ಅರ್ಥ ಕೇಳಿದರು, ನಾನು ಹೇಳಿದೆ. ಅವರು ನೇರವಾಗಿ ಹುಡುಗಿಯನ್ನೇ ಕೇಳಿದರು, ಅಂಥಾ ಗೊಂದಲ ಏನ್ರಿ ನಿಮಗ ಎಂದು.

ಅವಳು ಹೇಳಿದಳು. ಲಗ್ನವಾದರೆ ಲಕ್ಷ್ಮೇಶ್ವರಕ್ಕೆ ಬರಬೇಕು, ಬಂದರೆ ಈ ಶಾಲೆ ಬಿಡಬೇಕು. ಒಂದನೇ ಕ್ಲಾಸಿನ ಮಕ್ಕಳು ಇವಳ ಸೆರಗು ಹಿಡಿದು ಓದು ಕಲಿತವರು. ಅವರನ್ನು ಬಿಡುವುದೋ, ಇವರನ್ನು ಬಿಡುವುದೋ ತಿಳಿಯದೆ ನಿದ್ದೆ ಇಲ್ಲ ಎಂದಳು.

"ಇಷ್ಟಕ್ಕ ಯಾಕ್ರಿ ಅಷ್ಟು ದೊಡ್ಡ ಶಬ್ದ?" ಎಂದರು ಸಾಹೇಬರು. "ಶಾಲಿ ಎತ್ತಿ ಇಡಾಕ ಬರೂದಿಲ್ಲ. ಅತ್ತರ್ ಎಲ್ಲಿ ಇಟ್ರೂ ಘಮ್ ಅಂತೈತಿ. ಮುಂಡರಗ್ಯಾಗ ಅಂಗಡಿ ಇಡ್ತೀನಿ."

ಹುಡುಗಿ ಅವರನ್ನು ನೋಡಿದಳು. ನಗು ತಡೆಯಲು ತುಟಿ ಕಚ್ಚಿಕೊಂಡಳು, ಕಣ್ಣಲ್ಲಿ ನೀರು ಬಂತು. ಅಭ್ಯಾಸಬಲ, ಬಾಯಿಗೆ ಇಂಗ್ಲಿಷೇ ಬಂತು.

"ಯು ಆರ್ ಇಂಪಾಸಿಬಲ್."

ನನಗೆ ಎದೆ ತುಂಬಿ ಬಂತು, ಇದಕ್ಕಿಂತ ಪ್ರೀತಿಯಿಂದ ಆ ಮಾತನ್ನು ಯಾರೂ ಹೇಳಿರಲಾರರು. ಪಕ್ಕದಲ್ಲಿ ನೋಡಿದರೆ ಸಾಹೇಬರು ಎದ್ದು ನಿಂತು ಚಪ್ಪಲಿ ಹುಡುಕುತ್ತಿದ್ದರು. ಮುಖ ಸಣ್ಣದಾಗಿತ್ತು. ಪಾಸಿಬಲ್ ಅಂದ್ರ ಆಗೂದು, ಇಂಪಾಸಿಬಲ್ ಅಂದ್ರ ಆಗೂದಿಲ್ಲ, ಇಷ್ಟು ತಿಳಿತೈತ್ರಿ ನನಗ, ನಡೀರಿ ಬಾಯಾರ ಎಂದರು.

ಹುಡುಗಿ ಗಾಬರಿಯಾಗಿ ಎದ್ದಳು. ತಾಯಿ, ನಾನು, ಬಾಗಿಲಲ್ಲಿ ನೀರು ಕೇಳಲು ಬಂದು ನಿಂತ ಕಂಡಕ್ಟರು, ಯಾರನ್ನೂ ಲೆಕ್ಕಿಸದೆ, ಇಂಗ್ಲಿಷನ್ನು ಪೂರ್ತಿ ಕೈಬಿಟ್ಟು, ನೆಲ ನೋಡುತ್ತ ಮೆಲ್ಲಗೆ ಅಂದಳು.

"ಹೂಂ."

ಸಾಹೇಬರು ಒಂದು ಕಾಲಿಗೆ ಚಪ್ಪಲಿ ಮೆಟ್ಟಿ ಅಲ್ಲಿಯೇ ನಿಂತರು. ಹೊಸದಾಗಿ ಕಲಿತ ಪಾಠವೆಲ್ಲ ಒಮ್ಮೆಲೇ ತಲೆಯಲ್ಲಿ ಎದ್ದಿತೋ ಏನೋ, ಬಹಳ ಎಚ್ಚರದಿಂದ ನನ್ನನ್ನು ಕೇಳಿದರು.

"ಬಾಯಾರ, ಹೂಮ್ ಅಂದ್ರ ಇಂಗ್ಲಿಷಿನಾಗ 'ಯಾರನ್ನ' ಅಂತ ಅಲ್ಲೇನ್ರಿ?"

ನಾನು ಬಾಯಿ ತೆರೆಯುವ ಮೊದಲೇ ಅವಳು ಹೇಳಿದಳು.

"ನಿಮ್ಮನ್ನರೀ."